ಎರಡೂವರೆ ಚಮಚ

ವೇನೋಕಾದ ಊರಾಚೆ, ರೈಲುಹಳಿಗೆ ತಾಗಿ
ಎಲ್‌ವುಡ್ ಪ್ರೇಥರನ ತಗಡಿನ ಶೆಡ್ಡು.
ಮೇಜಿನ ಮೇಲೆ ನನ್ನ ಕ್ವಾಡಿನ ಸಿಲಿಂಡರು,
ಬಿಚ್ಚಿ, ಮೀಯಿಸಿ, ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟದ್ದು,
ಹೆಸರಿಡದ ಕೂಸಿನಂತೆ.

"ಎಂಬತ್ತೇಳೋ? ಎಂಬತ್ತೊಂಬತ್ತೋ?"
ಮಿಲಿಮೀಟರಿನ ಮಾತು. ಈಗಿರುವುದು ಎಂಬತ್ತೈದು.

ಮೂರು ವಾರದಿಂದ ತಲೆಯಲ್ಲಿ ಇದೇ ಗುಂಗು.
ವಾರದ ಐದು ದಿನ ನಾನು ಹಳದಿ ಬಸ್ಸಿನ ಡ್ರೈವರು,
ಐವತ್ತೈದು ದಾಟದಂತೆ ಮೂಗುದಾರ ಹಾಕಿದ ಬಸ್ಸು.
ನೀಲವ್ವ ಎಂಬುದು ಮಕ್ಕಳ ಬಾಯಲ್ಲಿ ಮಿಸ್ ನೀಲಿ.
"ಮಿಸ್ ನೀಲಿ, ಶನಿವಾರ ದಿಬ್ಬ ಹತ್ತಿದಿರಾ?"
"ಮುಕ್ಕಾಲು."
ಕಾಲು ಉಳಿದದ್ದನ್ನು ಅವರು ಎಂದೂ ಮರೆಯರು.

ಮರಳು ಅಲ್ಲಿ ಮೈಕೊಡವಿದಷ್ಟೂ ಜಾರುತ್ತದೆ.
ಮೂರನೇ ಗೇರಿನಲ್ಲಿ ಉಸಿರು ಕಟ್ಟಿ, ಎರಡಕ್ಕಿಳಿಸಿದರೆ ಚಕ್ರ ಹೂತು,
ಹಿಂದೆ ತಿರುಗಿಸಿಕೊಂಡು ಇಳಿಯುವಾಗ
ಮೇಲೆ ನಿಂತ ಹುಡುಗರು ಕೈಬೀಸುತ್ತಾರೆ, ಮರ್ಯಾದೆಯಿಂದಲೇ.
ಮರ್ಯಾದೆಯೇ ಹೆಚ್ಚು ಚುಚ್ಚುವುದು.

ಹಾಗಾಗಿ ರಾತ್ರಿ ಅಡುಗೆಮನೆಯಲ್ಲಿ ಅಳೆದು ನೋಡಿದೆ.
ಇಡೀ ಎಂಜಿನ್ನಿನ ಹೊಟ್ಟೆ
ಅರ್ಧ ಲೀಟರು ಹಾಲೂ ಹಿಡಿಸದ್ದು.
ಎಂಬತ್ತೊಂಬತ್ತಕ್ಕೆ ಹೋದರೆ ಹೆಚ್ಚುವುದು ಮೂವತ್ತೆಂಟು ಸಿಸಿ.
ಲೋಟಕ್ಕೆ ನೀರು ಹಾಕಿದೆ: ಎರಡೂವರೆ ದೊಡ್ಡ ಚಮಚ.
ನಕ್ಕೆ.
ಎರಡೂವರೆ ಚಮಚ ಬಯಲಿಗಾಗಿ
ಆರುನೂರು ಡಾಲರು, ಮೇಲೆ ಆಯಿಲ್ ಕೂಲರು, ದೊಡ್ಡ ಜೆಟ್ಟು,
ಇನ್ನು ಸಾಯುವತನಕ ದುಬಾರಿ ಪೆಟ್ರೋಲು.

ಎಲ್‌ವುಡ್ ಹೆಚ್ಚು ಹೇಳುವವನಲ್ಲ.
ಪೆನ್ನು ಇಡುವ ಡಬ್ಬಿಯನ್ನು ಬರಿದು ಮಾಡಿ ನನ್ನೆಡೆಗೆ ತಳ್ಳಿದ.
ಡಬ್ಬಿಯಲ್ಲ ಅದು, ಯಾರದೋ ಸ್ಲೀವು.
ಮೇಲಿಂದ ಕೆಳಕ್ಕೆ ಕೂದಲೆಳೆಯ ಬಿರುಕು.
"ಕೊನೆಗೆ ಎಷ್ಟು ಕೊರೆದಿದ್ದೆ?"
"ಅವನು ಕೇಳಿದಷ್ಟು."

ಬೆರಳಾಡಿಸಿದೆ. ತೆಳ್ಳಗೆ, ನುಣ್ಣಗೆ, ತಣ್ಣಗೆ.
ದೊಡ್ಡದು ಮಾಡುವುದೆಂದರೆ ಏನನ್ನೋ ಕೂಡಿಸುವುದು
ಅಂದುಕೊಂಡಿದ್ದೆ ಇಷ್ಟು ದಿನ.
ಇಲ್ಲಿ ಯಾವುದನ್ನೂ ಕೂಡಿಸುವುದಿಲ್ಲ.
ಕಬ್ಬಿಣ ಪುಡಿಯಾಗಿ ಟ್ರೇಗೆ ಉದುರುತ್ತದೆ,
ಗೋಡೆ ಸವೆಯುತ್ತದೆ, ಒಳಗಿನ ಬರಿದು ಬೆಳೆಯುತ್ತದೆ.
ಬಿಸಿಯನ್ನು ಹೊರುವುದು ಮಾತ್ರ ಉಳಿದ ಗೋಡೆಯೇ.
ಉದುರಿದ್ದನ್ನು ಬಳಿದು ಮತ್ತೆ ಅಂಟಿಸುವ ಯಂತ್ರ
ಎಲ್‌ವುಡ್ಡನ ಶೆಡ್ಡಿನಲ್ಲೂ ಇಲ್ಲ.

"ಎಂಬತ್ತೇಳು," ಅಂದೆ.
"ಭಯವಾಯ್ತಾ?"
"ಆಯ್ತು. ಅದಲ್ಲದೆ,
ಇನ್ನೊಂದು ಸಲ ಆಸೆ ಹುಟ್ಟಿದರೆ
ಕೊರೆಯೋಕೆ ಏನಾದರೂ ಉಳಿದಿರಬೇಕಲ್ಲ."
ಅವನು ಪೆನ್ನುಗಳನ್ನು ಒಂದೊಂದೇ ಮತ್ತೆ ಸ್ಲೀವಿಗೆ ಇಳಿಸಿದ.

ಗುರುವಾರ ಫೋನು. ಶುಕ್ರವಾರ ಜೋಡಣೆ.
ಹೋನಿಂಗ್ ಗೆರೆಗಳು ಒಳಗೆ ಅಡ್ಡಡ್ಡ ಹೆಣೆದುಕೊಂಡು
ಹೊಸ ಚಾಪೆಯಂತೆ ಮಿನುಗುತ್ತಿದ್ದವು.
ಉಂಗುರಗಳ ಸಂದನ್ನು ಮೂರು ಸಲ ಅಳೆದೆವು,
ನಾಲ್ಕನೇ ಸಲ ನಾನೊಬ್ಬಳೇ.

ಶನಿವಾರ ದಿಬ್ಬದ ಬುಡಕ್ಕೆ ಹೋದೆ, ಹತ್ತಲಿಲ್ಲ.
ಹೊಸ ಉಂಗುರ ಹೊಂದಿಕೊಳ್ಳುವ ತನಕ
ಅರ್ಧ ಥ್ರಾಟಲ್ಲು, ಎಲ್‌ವುಡ್ಡನ ಆಜ್ಞೆ.
ಸಮತಟ್ಟು ಮರಳಿನಲ್ಲಿ ಹತ್ತು ನಿಮಿಷ ಓಡಿಸು, ಆರಿಸು, ಆರಲು ಬಿಡು.
ಮತ್ತೆ ಓಡಿಸು, ಮತ್ತೆ ಆರಿಸು.
ಐದನೇ ಕ್ಲಾಸಿನ ಟ್ರಿನಾ ಅಪ್ಪನ ಬೆನ್ನಿಗಂಟಿ ಹಾದುಹೋಗುತ್ತಾ ಕೂಗಿದಳು:
"ಮಿಸ್ ನೀಲಿ! ಕೆಟ್ಟು ಹೋಯ್ತಾ?"

ಇಲ್ಲ ಕಣೇ, ಅಂದೆ ಕನ್ನಡದಲ್ಲೇ,
ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು.
ಆರುತ್ತಿದ್ದ ಲೋಹ
ಟಿಕ್, ಟಿಕ್,
ಬಿಟ್ಟು ಬಿಟ್ಟು,
ಟಿಕ್.