ಹಠದ ಠ

ಆಡಮ್ಸ್ ಸ್ಟ್ರೀಟಿನ ಮೂಲೆಯ ವಿಮಾ ಕಚೇರಿಯನ್ನು ಕೆಡವಿದರು.
ಎರಡು ದಿನದ ಕೆಲಸ. ಕಟ್ಟುವಾಗ ಎರಡು ವರ್ಷ ಹಿಡಿದಿತ್ತು.
ಎಪ್ಪತ್ತೇಳರಲ್ಲಿ ನನ್ನ ಗೋಡೆಗೆ ಒತ್ತಿಕೊಂಡೇ ಎದ್ದಿತ್ತು ಅದು,
ಬಸ್ಸಿನಲ್ಲಿ ಪಕ್ಕದವನ ಹೆಗಲಿಗೊರಗಿ
ನಿದ್ದೆಹೋದವನ ಹಾಗೆ.

ಈಗ ಧೂಳು ಇಳಿದಿದೆ.
ಇಟ್ಟಿಗೆಯ ಮೇಲೆ ನನ್ನ ಅಕ್ಷರಗಳು, ಮೂರಾಳೆತ್ತರ,
ಮೈಯೆಲ್ಲ ಹಳದಿ, ಅಂಚಿಗೆ ಕೆಂಪು:
ಸಬಾ ಶೂಸ್. ಮನೆಮಂದಿಯ ಪಾದಕ್ಕೆಲ್ಲ.
ಬಿಸಿಲು ಕಾಣದ ಬಣ್ಣ, ಮಾಸಿಲ್ಲ.
ಮಾಸಿದ್ದು ಹೊರಗಿದ್ದ ನಾನು.

ಹುಬ್ಬಳ್ಳಿಯಲ್ಲಿ ಸಿನಿಮಾ ಬ್ಯಾನರಿಗೆ ಮೀಸೆ ಬರೆಯುತ್ತಿದ್ದವನು.
ಗ್ಲಾಡಿಸಳಿಗೆ ಟೊಲೆಡೊದಲ್ಲಿ ಆಸ್ಪತ್ರೆಯ ಕೆಲಸ;
ಅವಳ ಸೀರೆಗಳ ನಡುವೆ ಬ್ರಶ್ಶು ಸುತ್ತಿಟ್ಟು ಹಿಂದೆ ಬಂದೆ.
ಹಂಗೇರಿಯ ಮುದುಕ ಲಾಯೋಶ್ ಮೋಲ್ನಾರ್ ಏಣಿ ಕೊಟ್ಟ.
ನನ್ನ ಇಂಗ್ಲಿಷು ಅವನಿಗೆ ತಿಳಿಯದು, ಅವನದು ನನಗೆ.
"ಅಕ್ಷರವನ್ನು ಯಾರೂ ಬರೆದಾರು, ನಡುವಿನ ಖಾಲಿ ಬರೆ,"
ಎರಡು ಬೆರಳಲ್ಲಿ ಗಾಳಿ ಅಳೆದು ತೋರಿಸುತ್ತಿದ್ದ.

ಆಗ ಆ ಬೀದಿ!
ಶನಿವಾರ ಬಸ್ಸು ಬಾಗಿಲು ತೆರೆದರೆ
ಚೀಲ ಬಿಚ್ಚಿ ಜೋಳ ಸುರಿದಂತೆ ಜನ.
ಹುರಿದ ಗೋಡಂಬಿಯ ವಾಸನೆ ನನ್ನ ಟರ್ಪೆಂಟೈನನ್ನೂ ಮೀರಿ ಏರುತ್ತಿತ್ತು.
ಹ್ಯಾಟಿನ ಅಂಗಡಿಯ ಹೊರಗೆ ಗಡಿಯಾರ ನೋಡುವ ಗಂಡಂದಿರು.
ಮೇಲಿಂದ ನನಗೆ ಕಂಡದ್ದು ಊರಿನ ನೆತ್ತಿಗಳು:
ಬೋಳು, ಗುಂಗುರು, ರಿಬ್ಬನ್ನು, ಬಿಚ್ಚಲು ಮರೆತ ರೋಲರು.

ಸುಳ್ಳು ಹೇಳಬಾರದು.
ಅದೇ ಸಾಲಿನ ಕ್ಷೌರಿಕ ನನ್ನ ತಲೆ ಮುಟ್ಟಲು ಒಪ್ಪಲಿಲ್ಲ.
ಅವನ ಬೋರ್ಡೂ ನನ್ನದೇ ಕೈ. ಚೆನ್ನಾಗಿಯೇ ಬರೆದಿದ್ದೆ.
ಎಂಟು ವರ್ಷ ಗ್ಲಾಡಿಸಳೇ ಕತ್ತರಿ ಹಿಡಿದಳು, ಅಡುಗೆಮನೆಯಲ್ಲಿ.

ಇಂಗ್ಲಿಷಿನ ಶೂಸಿನ ನಡುವೆ ಒಂದು ಓ ಇದೆ, ಟಯರಿನ ಹಾಗೆ ದುಂಡಗೆ.
ನಾಲ್ಕನೇ ದಿನ, ಮೋಲ್ನಾರ್ ಊಟಕ್ಕೆ ಇಳಿದಾಗ,
ಅದರ ಹೊಟ್ಟೆಗೊಂದು ಬೊಟ್ಟಿಟ್ಟೆ, ನೆತ್ತಿಗೊಂದು ತಲೆಕಟ್ಟು.
ಠ.
ಯಾಕೆ ಠ? ಕೈಗೆ ಬಂತು.
ವರ್ಣಮಾಲೆಯಲ್ಲಿ ಹೆಚ್ಚು ಕೆಲಸವಿಲ್ಲದ ಬಡಪಾಯಿ,
ಮಠದಲ್ಲೂ ಪಾಠದಲ್ಲೂ ಕಡೆಗೆ ಬಂದು ಕೂರುವಂಥದು.
ಕೆಳಗೆ ಬಿಳಿ ಬೂಟಿನಲ್ಲಿ ಗ್ಲಾಡಿಸ್, ಕೈಯಲ್ಲಿ ಡಬ್ಬಿ:
"ಹಠದ ಠ. ಮತ್ತೇನ್ ಬರೀತೀರಿ ನೀವು?
ಇಳೀರಿ, ಊಟ ಆರ್ತದ."
ಹನ್ನಾ ಸಬಾ ಕಣ್ಣು ಕಿರಿದು ಮಾಡಿ, ಅದೇನು ಚುಕ್ಕೆ ಅಂದ.
ಮೋಲ್ನಾರ್ ನನ್ನತ್ತ ನೋಡದೆ ಹೇಳಿದ: ಲೇಸಿನ ತೂತು.

ಆಮೇಲೆ ಊರಾಚೆ ಮಾಲ್ ಬಂತು. ಅಲ್ಲಿ ಕಾರು ನಿಲ್ಲಿಸಲು ಕಾಸಿಲ್ಲ.
ಕೊನೆಯ ಆರು ವರ್ಷ ನಾನು ಬರೆದದ್ದು ಎರಡೇ ವಾಕ್ಯ:
ಎಲ್ಲವೂ ಮಾರಾಟಕ್ಕೆ. ಇಂದೇ ಕೊನೆಯ ದಿನ.
ಹಣ ಕೈತುಂಬ ಸಿಕ್ಕಿತು, ಅದನ್ನೂ ಹೇಳಬೇಕು.
ಅಷ್ಟರಲ್ಲಿ ಸ್ಟಿಕ್ಕರು ಕತ್ತರಿಸುವ ಯಂತ್ರ ಬಂತು,
ಮೋಲ್ನಾರ್ ಹೋದ, ಏಣಿಯನ್ನು ಚರ್ಚಿಗೆ ಕೊಟ್ಟೆ.

ಈಗ ಸಬಾನ ಗೋದಾಮಿನಲ್ಲಿ ಬಿಯರು ಕುದಿಸುತ್ತಾರೆ.
ಮೇಲೆ ಮನೆಗಳಂತೆ, ಬಾಡಿಗೆ ಕೇಳಿ ಗ್ಲಾಡಿಸ್ ನಕ್ಕಳು.
ಕ್ಯಾಮೆರಾ ಹಿಡಿದ ಹುಡುಗಿಯೊಬ್ಬಳು
ಗೋಡೆಯ ಚಂದ ನನಗೆ ವಿವರಿಸುತ್ತಿದ್ದಳು.
ನಾನು ಸುಮ್ಮನೆ ಹೂಂಗುಟ್ಟಿದೆ.
ನನ್ನ ಕಣ್ಣೆಲ್ಲ ಎರಡನೇ ಎಸ್ಸಿನ ಮೇಲೆ:
ನಾಲ್ಕು ಬೆರಳು ಬಲಕ್ಕೆ ಸರಿಯಬೇಕಿತ್ತು.
ಐವತ್ತು ವರ್ಷ ಆ ತಪ್ಪು ಕತ್ತಲಲ್ಲಿ ಕಾದು ಕೂತಿತ್ತು.

ಕಾರಿನ ಕಿಟಕಿ ಇಳಿಸಿ ಗ್ಲಾಡಿಸ್ ಅಂದಳು,
"ನೋಡ್ರಿ, ಇನ್ನೂ ಕಣ್ಣು ಬಿಟ್ಕೊಂಡೇ ಅದ."

ಕೆಡವಿದ ಜಾಗವೆಲ್ಲ ಪಾರ್ಕಿಂಗಂತೆ. ಮನುಷ್ಯರಿಲ್ಲ, ಕಂಬವೊಂದಿದೆ.
ನನ್ನ ಗೋಡೆ ನೋಡಲು ಗಂಟೆಗೆ ಮೂರು ಡಾಲರು;
ಫೋನಿನಲ್ಲಿ ಕಟ್ಟಬೇಕು, ನನಗೆ ಬರಲಿಲ್ಲ.
ಮುಂದಿನ ವಾರ ಅಂಚೆಯಲ್ಲಿ ದಂಡದ ಚೀಟಿ ಬಂತು.
ಕನ್ನಡಕ ಹಾಕಿ ಓದಿದೆ.
ಯಂತ್ರದ ಅಕ್ಷರ, ಕೈಯೇ ತಾಗಿಲ್ಲ, ಜೀವವಿಲ್ಲ.
ಆದರೆ ನಡುವಿನ ಖಾಲಿ,
ಹೇಳಲೇಬೇಕು,
ಸರಿಯಾಗಿತ್ತು.