ಅಂತೆ

ಮುಚ್ಚುತ್ತಾರಂತೆ.
ಗಣೇಶನ ಹಬ್ಬಕ್ಕೆ ಮುಂಚೆ ಬಂದ ಮಾತು.
ದೀಪಾವಳಿ ದಾಟಿತು, ಮುಚ್ಚಲಿಲ್ಲ.
ಹಾಗಂತ ತೆರೆದೇ ಇರುತ್ತದೆಂದೂ ಯಾರೂ ಹೇಳಲಿಲ್ಲ.

ಮುಂಡರಗಿ ಕಡೆಯ ನಮ್ಮ ಜೀನ್ಸ್ ವಾಷಿಂಗ್ ಯೂನಿಟ್ಟಿನಲ್ಲಿ
ಈಗ ಮೂರು ಡ್ರಮ್ಮು ತಿರುಗುತ್ತವೆ, ಎರಡು ನಿಂತಿವೆ.
ನಿಂತ ಡ್ರಮ್ಮಿನೊಳಗೆ ಬೆಕ್ಕು ಮರಿ ಹಾಕಿದೆ.
ಮೇಸ್ತ್ರಿ ಎರ್ರೆಪ್ಪ ನೋಡಿದ, ಓಡಿಸಲಿಲ್ಲ.
ಅವತ್ತೇ ನನ್ನ ಹೊಟ್ಟೆಯಲ್ಲಿ ಉರಿ ಶುರುವಾಯಿತು.

ಹದಿನಾಲ್ಕು ವರ್ಷ ಬೈದಿದ್ದೇನೆ
ಬಳ್ಳಾರಿ ಬಿಸಿಲಿಗೂ ಬಿಡದ ಈ ನೀಲಿಯನ್ನು.
ರೊಟ್ಟಿ ಮುರಿದರೆ ರೊಟ್ಟಿಗೆ, ಮಗಳನ್ನೆತ್ತಿದರೆ ಅವಳ ಅಂಗಿಗೆ;
ನೆಂಟರ ಮುಂದೆ ಕೈ ಜೇಬಿನಲ್ಲೇ.
ಈಗ ಉಗುರಿನ ಬುಡ ಬೆಳ್ಳಗಾಗುತ್ತಿದೆ.
ಊಟಕ್ಕೆ ಕೂತರೆ ಹುಲಿಗೆಮ್ಮ ಮುಖ ನೋಡುವುದಿಲ್ಲ,
ಕೈ ನೋಡುತ್ತಾಳೆ.
ಏನೂ ಕೇಳುವುದಿಲ್ಲ.
ಈ ತಿಂಗಳು ಚೀಟಿಯಿಂದ ಮಾತ್ರ ಹೊರಗೆ ಬಂದಳು.

ಕೆಲಸ ಕಡಿಮೆಯಾದಷ್ಟೂ ನಾನು ದುಡಿಯುತ್ತೇನೆ.
ಯಾರೂ ಹೇಳದೆ ಮೋರಿ ಬಳಿಯುತ್ತೇನೆ,
ಜ್ವರವಿದ್ದರೂ ರಜೆ ಕೇಳುವುದಿಲ್ಲ,
ಓನರ್ ಕಾರು ಬಂದರೆ
ಖಾಲಿ ಬಕೆಟ್ಟು ಎತ್ತಿಕೊಂಡು ಜೋರಾಗಿ ನಡೆಯುತ್ತೇನೆ.
ಅದೇ, ಲೇಸರ್ ಮಶೀನು ಕಲಿಯುವವರು ಯಾರು, ಕೈ ಎತ್ರಿ, ಅಂದಾಗ
ಕೈ ಏಳಲಿಲ್ಲ.
ಎತ್ತಿದರೆ ಕಣ್ಣಿಗೆ ಬೀಳುತ್ತೇನೆ ಅನಿಸಿತು.
ಎತ್ತಿದವನು ಪೀರಾ, ಮೊನ್ನೆ ಬಂದ ಹುಡುಗ.
ಈಗ ಫ್ಯಾನಿನ ಕೆಳಗೆ ಕೂರುತ್ತಾನೆ.

ರಾತ್ರಿ ಕೌಲ್‌ಬಜಾರ್ ಗೇಟು ದಾಟುವ ಗೂಡ್ಸು ಕೇಳುತ್ತದೆ.
ಡಬ್ಬಿ ಎಣಿಸುತ್ತೇನೆ. ಐವತ್ತೆಂಟು.
ಕೆಲವೊಮ್ಮೆ ಐವತ್ತೊಂಬತ್ತು.
ತೆಗೆದೇ ಬಿಟ್ಟರೆ, ದೇವರಾಣೆ, ನಿದ್ದೆ ಬಂದೀತು.
ತೆಗೆದವರ ಮನೆಗೆ ಮಂದಿ ಹೋಗುತ್ತಾರೆ, ಚಹಾ ಕುಡಿಯುತ್ತಾರೆ,
ಬೇರೆ ಕಡೆ ಹೇಳ್ತೀನಿ ಬಿಡೋ, ಅನ್ನುತ್ತಾರೆ.
ತೆಗೀತಾರಂತೆ ಎಂಬುವವನ ಮನೆಗೆ
ಯಾರು ಬರಬೇಕು, ಏನಂತ ಬರಬೇಕು?

ಸೋಮವಾರ ಎಲ್ಲಾರೂ ಎಂಟಕ್ಕೇ ಬರ್ರಿ, ಅಂದರು.
ಭಾನುವಾರವಿಡೀ ಉಗುಳು ನುಂಗಲಾಗಲಿಲ್ಲ.
ಹೋದರೆ ಗೋಡೆಯ ಮೇಲೆ ಹೊಸ ಹಾಜರಿ ಮಶೀನು.
ಹೆಬ್ಬೆಟ್ಟು ಒತ್ತಬೇಕು, ಅಷ್ಟೇ.
ಎಲ್ಲರೂ ನಕ್ಕರು, ನಾನೂ.

ಒತ್ತಿದೆ. ಕೆಂಪು ದೀಪ.
ಬ್ಲೀಚಿನ ನೀರು, ನೊರೆಗಲ್ಲು, ಉಜ್ಜಿ ಉಜ್ಜಿ
ಗೆರೆಗಳು ಯಾವಾಗ ಹೋದವೋ.
ತಲೆಗೆ ಒರೆಸ್ಕೊಂಡು ಒತ್ತಣ್ಣ, ಎಣ್ಣೆ ಪಸೆಗೆ ಹಿಡೀತೈತೆ, ಅಂದ ಪೀರಾ.
ಒರೆಸಿಕೊಂಡೆ. ಕೆಂಪು.
ಪ್ಯಾಂಟಿಗೆ, ಹಣೆಗೆ, ಮತ್ತೆ ತಲೆಗೆ.
ಹಿಂದೆ ಸಾಲು ಬೆಳೆಯುತ್ತಿತ್ತು.
ಎರ್ರೆಪ್ಪ ಹಳೆಯ ಪುಸ್ತಕ ತೆಗೆದು
ನನ್ನ ಹೆಸರಿನ ಮುಂದೆ
ಪೆನ್ಸಿಲ್ಲಿನಲ್ಲಿ ಏನೋ ಬರೆದ.