ಬುಧವಾರದ ಬುಟ್ಟಿ

ವಾಲ್ಪರೈಸೊ ಬಂದರಿನ ಹಳೆಯ ಸುಂಕದ ಕಚೇರಿಯಲ್ಲಿ
ಬುಧವಾರ ಸಂಜೆ ಏಳಕ್ಕೆ
ಬರೆಯುವವರು ಸೇರುತ್ತಾರೆ, ಎರಡನೇ ಮಹಡಿಯಲ್ಲಿ.
ಒಂಬತ್ತಕ್ಕೆ ಅವರು ಇಳಿದು ಹೋದ ಮೇಲೆ
ಪೊರಕೆ ಹಿಡಿದು ನಾನು ಹತ್ತುತ್ತೇನೆ.

ಅವರ ಮೇಷ್ಟ್ರಮ್ಮ ಎದೆಲ್ಮೀರಾ.
ಬಿಸ್ಕತ್ತಿನ ತಗಡಿನ ಡಬ್ಬಿ ಅವಳದು,
ಅದರ ತುಂಬ ಮಡಿಸಿದ ಚೀಟಿ.
ಒಂದೊಂದರಲ್ಲೂ ಒಂದು ಸಾಲು, ಹೊತ್ತಿಸಲಿಕ್ಕೆ ಒಂದು ಕಿಡಿ.
ಕೈ ಹಾಕು, ಎತ್ತು, ಬರೆ. ಹದಿನೈದು ನಿಮಿಷ.
ಒಲ್ಲದಿದ್ದರೆ ಇನ್ನೊಂದು ಎತ್ತಬಹುದು.
ಒಲ್ಲದ ಚೀಟಿ ಬುಟ್ಟಿಗೆ.
ಬುಟ್ಟಿ ನನ್ನದು.

'ನೀನು ತೆರೆಯದೇ ಹೋದ ಬಾಗಿಲು.'
ಎಸೆದವನು ಬೇಕರಿಯ ನಿಬಾಲ್ದೊ ಇರಬೇಕು,
ಚೀಟಿಯ ಅಂಚಿಗೆ ಹಿಟ್ಟು.
ಮೊದಲು ನನಗೆ ನಗು ಬಂತು.
ಸೊಂಟದಲ್ಲಿ ನಲವತ್ತೊಂದು ಬೀಗದ ಕೈ,
ಈ ಕಟ್ಟಡದಲ್ಲಿ ನಾನು ತೆರೆಯದ ಬಾಗಿಲೇ ಇಲ್ಲ,
ಗಂಡಸರ ಪಾಯಿಖಾನೆಯೂ ಸೇರಿ.
ಆಮೇಲೆ ಮೆಟ್ಟಿಲು ಒರೆಸುವಾಗ,
ಏಳನೆಯದೋ ಎಂಟನೆಯದೋ,
ನೆನಪಾಯಿತು.
ಭೂಕಂಪದ ರಾತ್ರಿ ಪಕ್ಕದ ಮನೆಯ ಒತಿಲಿಯಾ ಬಾಗಿಲು ಬಡಿದಳು.
ನಡುಗುತ್ತಿದ್ದದ್ದು ನೆಲವೋ ಬಾಗಿಲೋ,
ನಾನು ಮೇಜಿನ ಕೆಳಗೇ ಇದ್ದೆ.
ಬೆಳಗ್ಗೆ ಅವಳು ಬೀದಿಯಲ್ಲಿ ಕೂತು ಚಹಾ ಕಾಸುತ್ತಿದ್ದಳು,
ನನಗೂ ಕೊಟ್ಟಳು, ಏನೂ ಕೇಳಲಿಲ್ಲ.
ಆ ಕೇಳದೇ ಇದ್ದದ್ದು
ಇಷ್ಟು ವರ್ಷ ಗಂಟಲಲ್ಲಿತ್ತು.

ಆ ರಾತ್ರಿ ಹಿಟ್ಟಿನ ಕಾಗದದ ಚೀಲ ಸೀಳಿ
ಅದರ ಒಳಮೈ ಮೇಲೆ ಬರೆದೆ.
ಕಾಗುಣಿತ ಕೇಳಬೇಡಿ.

ಕಸದಿಂದ ರಸ ಎನ್ನುತ್ತೀರಿ, ಅನ್ನಿ.
ಗುಡಿಸುವವಳಿಗೆ ಗೊತ್ತು,
ಕಸದಿಂದ ಹೆಚ್ಚಾಗಿ ಬರುವುದು ಕೆಮ್ಮು.
'ಮೋಡವಾಗಿ ಮಾತಾಡು.' ನನ್ನಿಂದಾಗಲಿಲ್ಲ.
'ಅಜ್ಜಿಯ ಕೈಯ ವಾಸನೆ.' ಬೆಳ್ಳುಳ್ಳಿ, ಸೀಮೆಎಣ್ಣೆ,
ಎರಡು ಸಾಲಿಗೆ ಅಜ್ಜಿ ಮುಗಿದಳು.
'ನೀಲಿ.' ಅಷ್ಟೇ. ನೀಲಿ!
ನಾಲ್ಕು ಬುಧವಾರ ಏಪ್ರನ್ನಿನ ಕಿಸೆಯಲ್ಲಿತ್ತು,
ಒಗೆದಾಗ ಶಾಯಿ ಬಿಟ್ಟು ಕಿಸೆಯೇ ನೀಲಿಯಾಯಿತು.
ಅದೂ ಒಂದು ಉತ್ತರ ಎಂದು ಸುಮ್ಮನಾದೆ.

ಕಿಡಿ ಮೇಲಿನಿಂದ ಬೀಳುತ್ತದೆ ಎನ್ನುತ್ತಾಳಂತೆ ಎದೆಲ್ಮೀರಾ.
ನನಗೆ ಕಂಡದ್ದು ಬೇರೆ.
ಈ ಊರಿನ ಗುಡ್ಡ ಹತ್ತುವ ಹಳಿಬಂಡಿಗಳಿವೆಯಲ್ಲ,
ಮೇಲಿನದು ಇಳಿದರೇ ಕೆಳಗಿನದು ಏರುವುದು,
ಇಬ್ಬರಿಗೂ ಒಂದೇ ಹಗ್ಗ.
ಯಾರೋ ಬೇಡವೆಂದು ಕೆಳಗೆ ಬಿಟ್ಟ ಸಾಲು
ನನ್ನೊಳಗಿಂದ ಏನನ್ನೋ ಎಳೆದು ತರುತ್ತದೆ,
ಕಿರುಗುಟ್ಟುತ್ತ,
ಅರ್ಧ ದಾರಿಯಲ್ಲಿ ನಿಲ್ಲುತ್ತ.

ಜೂನಿನಲ್ಲಿ, ಸಮುದ್ರ ರಸ್ತೆಗೆ ಬಂದ ವಾರ,
ಅವಸರದಲ್ಲಿ ಡಬ್ಬಿ ಮೇಜಿನ ಮೇಲೇ ಉಳಿದಿತ್ತು.
ನಾನೂ ಒಂದು ಚೀಟಿ ಬರೆದು, ಮಡಿಸಿ, ನಡುವೆ ತುರುಕಿದೆ:
'ನಿನ್ನ ಮನೆಯ ಕಸ ನಿನ್ನ ಬಗ್ಗೆ ಏನು ಹೇಳುತ್ತದೆ?'

ಮೂರು ವಾರ ಬುಟ್ಟಿ ಕೆದಕಿದೆ,
ಪರೀಕ್ಷೆಯ ಫಲಿತಾಂಶ ಹುಡುಕುವ ಹುಡುಗಿಯ ಹಾಗೆ.
ಇಲ್ಲ.
ಯಾರೋ ಬರೆದೇಬಿಟ್ಟರೆಂದು ಬೀಗಿದೆ,
ಬಸ್ಸಿನಲ್ಲಿ ಗುರುತಿಲ್ಲದವರಿಗೂ ನಕ್ಕೆ.

ನಾಲ್ಕನೇ ವಾರ ಸಿಕ್ಕಿತು.
ಮುದುಡಿ, ಕಿತ್ತಳೆ ಸಿಪ್ಪೆಯ ಕೆಳಗೆ.
ಬಿಡಿಸಿದೆ. ನನ್ನದೇ ಅಕ್ಷರ, ನನ್ನದೇ ತಪ್ಪು.
ಚೀಲಕ್ಕೆ ಹಾಕಲು ಹೋದವಳು ಸುಮ್ಮನೆ ಹಿಂದೆ ತಿರುಗಿಸಿದೆ.
ಪೆನ್ಸಿಲು. ಯಾಸ್ನಾಳದಿರಬೇಕು,
ಆಸ್ಪತ್ರೆಯ ಪಾಳಿ ಮುಗಿಸಿ ನೇರ ಬರುವ ಹುಡುಗಿ.
'ಅವನ ಗಡ್ಡದ ಬ್ಲೇಡು ಇನ್ನೂ ಎಸೆದಿಲ್ಲ'
ಎಂದು ಬರೆದು, ಹೊಡೆದು ಹಾಕಿ,
ಹೊಡೆದದ್ದರ ಮೇಲೆ
ಮತ್ತೆ ಅದನ್ನೇ ಬರೆದಿದ್ದಾಳೆ.

ಈ ಕೆಲಸಕ್ಕೆ ಸೇರಿದಂದಿನಿಂದ ಮೊದಲ ಸಲ
ಯಾವುದು ಕಸ ಎಂದು ತಿಳಿಯದೆ ನಿಂತಿದ್ದೇನೆ.
ಕೆಳಗೆ ಕಾವಲಿನ ಮುದುಕ
ದೀಪ ಆರಿಸಲೇ ಎಂದು ಕೂಗುತ್ತಿದ್ದಾನೆ.
ಇರು ಮಾರಾಯ, ಎನ್ನುತ್ತೇನೆ,
ಇನ್ನೂ ಒಂದು ಕೋಣೆ ಗುಡಿಸುವುದಿದೆ.